ಇಪ್ಪತ್ತೈದು ಮೀಟರ್

ಫಾರಂ ಒಂದು-ಎ ಕೇಳುತ್ತದೆ:
ಒಳ್ಳೆಯ ಹಗಲುಬೆಳಕಿನಲ್ಲಿ, ಇಪ್ಪತ್ತೈದು ಮೀಟರ್ ದೂರದಿಂದ
ಅರ್ಜಿದಾರರು ಕಾರಿನ ನಂಬರ್ ಪ್ಲೇಟು ಓದಬಲ್ಲರೇ?

ಬರೆದವನು ಯಾವ ಊರಿನವನೋ.
ಪ್ರಕಾಶನಗರದಿಂದ ನವರಂಗ್‌ವರೆಗೆ
ನನ್ನ ಮುಂದಿನ ಗಾಡಿ ಯಾವತ್ತೂ
ಇಪ್ಪತ್ತೈದು ಮೀಟರ್ ದೂರ ಇದ್ದದ್ದಿಲ್ಲ.
ಒಂದು ಗೇಣು. ಹೆಚ್ಚೆಂದರೆ ಒಂದೂವರೆ.
ಅಷ್ಟು ಜಾಗ ಬಿಟ್ಟರೆ ಅದರೊಳಗೆ ಎರಡು ಆಟೋ,
ಒಂದು ನೀರಿನ ಟ್ಯಾಂಕರು, ಊಟದ ಡಬ್ಬಿ ಹೊತ್ತ ಹುಡುಗ
ಬಂದು ಸಂಸಾರ ಹೂಡುತ್ತಾರೆ.
ನಂಬರ್ ಪ್ಲೇಟೇನು ಮಹಾ,
ಅದರ ಸ್ಕ್ರೂಗೆ ಹಿಡಿದ ತುಕ್ಕನ್ನೂ ಓದುತ್ತೇನೆ.

ಐವತ್ತೈದು ದಾಟಿದವರಿಗೆ ಲೈಸೆನ್ಸು ಐದೈದೇ ವರ್ಷ,
ರೇಷನ್ ಸಕ್ಕರೆಯ ಹಾಗೆ ಅಳೆದಳೆದು.
ನನಗೀಗ ಎಪ್ಪತ್ತೊಂದು.
ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತಿದ್ದ ಕಾಲಕ್ಕೆ
ಸೀಮೆಯ ಅರ್ಧ ನಂಬರುಗಳು ನನ್ನ ನಾಲಗೆಯ ಮೇಲಿದ್ದವು.
ಮಿಲ್ಲಿನ ಆಫೀಸು, ಹೆರಿಗೆ ಆಸ್ಪತ್ರೆ, ಸೌದೆ ಡಿಪೋ.
ಈಗಲೂ ನಿದ್ದೆಯಲ್ಲಿ ಒಂದೊಂದು ಬರುತ್ತದೆ.
ಆ ಕಡೆ ಎತ್ತುವವರಿಲ್ಲ.

ಏಜೆಂಟ್ ಮರಿಸ್ವಾಮಿ ಅಂದ:
‘ಎಲ್ಲಾದಕ್ಕೂ ಇಲ್ಲ ಅಂತ ಹಾಕ್ಬಿಡಿ ಮೇಡಂ,
ಓದ್ತಾ ಕೂತ್ರೆ ಕೌಂಟರ್ ಮುಚ್ಚಿಬಿಡ್ತಾನೆ.’
ನಾನು ಓದಿದೆ.
ಮೂರ್ಛೆ ರೋಗವಿದೆಯೇ? ಇಲ್ಲ.
ಇದ್ದಕ್ಕಿದ್ದಂತೆ ತಲೆ ಸುತ್ತುವುದೇ? ಇಲ್ಲ.
ಕೆಂಪು, ಹಸಿರು ಗೊತ್ತಾಗುವುದೇ?
ಗೊತ್ತಾಗುತ್ತದೆ. ಅದೇ ಕಷ್ಟ.

ಹೋದ ತಿಂಗಳು ನವರಂಗ್ ಸರ್ಕಲ್ಲಿನಲ್ಲಿ
ಹಸಿರು ಬಿತ್ತು. ಹಸಿರು ಅಂತ ತಿಳಿಯಿತು.
ಮನೆ ಯಾವ ಕಡೆ ಅಂತ ತಿಳಿಯಲಿಲ್ಲ.
ಸ್ಕೂಟರಿನ ಮುಂದೆ ಒಂದು ಕಟ್ಟು ದಂಟಿನ ಸೊಪ್ಪು,
ಎಡಕ್ಕೊಂದು ರಸ್ತೆ, ಬಲಕ್ಕೊಂದು,
ಮೇಲೆ ಮೆಟ್ರೋ ಹೋಗುತ್ತಿತ್ತು, ಅದಕ್ಕೆ ಗೊತ್ತಿತ್ತು.
ಇದನ್ನು ಕೇಳುವ ಕಾಲಂ ಫಾರಮ್ಮಿನಲ್ಲಿಲ್ಲ.

ಡಾಕ್ಟರ್ ತಬಸ್ಸುಮ್ ಗೋಡೆಯ ಅಕ್ಷರ ಓದಿಸಿದಳು,
ಚುಕ್ಕೆಗಳ ನಡುವಿನ ಎಪ್ಪತ್ನಾಲ್ಕು ಹುಡುಕಿಸಿದಳು,
ರಕ್ತದೊತ್ತಡ ನೋಡಿ ಪೆನ್ನು ತೆಗೆದಳು.
ಸುಮ್ಮನಿರಬಹುದಿತ್ತು. ಹೇಳಿಬಿಟ್ಟೆ.
‘ಎಷ್ಟು ಹೊತ್ತು ಹಾಗಾಯ್ತು ಆಂಟೀ?’
‘ಹಿಂದಿನವನು ಹಾರ್ನ್ ಹೊಡೆಯೋವರೆಗೆ.’
ಅವಳಿಗೆ ನಗು ತಡೆಯಲಿಲ್ಲ:
‘ನಮ್ಮೂರಲ್ಲಿ ಅದು ಅರ್ಧ ಸೆಕೆಂಡೂ ಅಲ್ಲ!
ಅಲ್ಲಿ ಆಗಾಗ ಒನ್‌ವೇ ಬದಲಾಯಿಸ್ತಾರೆ,
ನಾನೇ ಎರಡು ಸಲ ದಾರಿ ತಪ್ಪಿದ್ದೀನಿ.’
ನಗು ಮುಗಿದ ಮೇಲೆ ಪೆನ್ನಿನ ಮುಚ್ಚಳ ಹಾಕಿದಳು.
ಮತ್ತೆ ತೆಗೆದಳು.
‘ಇನ್ನೊಂದ್ಸಲ ಆದ್ರೆ ಬಂದು ಹೇಳ್ತೀರಾ?’
ಹೂಂ ಅಂದೆ. ಸಹಿ ಹಾಕಿದಳು.
ನೆನಪಿದ್ದರೆ ತಾನೇ, ಅನ್ನಲು ಹೊರಟು
ನುಂಗಿಕೊಂಡೆ.

ಹೊರಗೆ ಫುಟ್‌ಪಾತಿನಲ್ಲಿ
ಯಾರೋ ನಿಲ್ಲಿಸಿ ಹೋದ ಬಿಳಿ ಕಾರು.
ಅದರ ಬೆನ್ನಿಂದ ಅಳೆದುಕೊಂಡು ಹಿಂದೆ ನಡೆದೆ,
ದಾಪುಗಾಲಿನಲ್ಲಿ ಮೂವತ್ತಾರು ಹೆಜ್ಜೆ,
ನಡುವೆ ಎಳನೀರಿನವನನ್ನು ಸುತ್ತಿಕೊಂಡು.
ತಿರುಗಿ ನೋಡಿದರೆ ಒಂದೊಂದು ಅಂಕಿಯೂ ಸ್ಪಷ್ಟ.
ಕೆಎ ಸೊನ್ನೆ ಎರಡು. ಗಟ್ಟಿಯಾಗಿಯೇ ಓದಿದೆ,
ಹಳೆಯ ಅಭ್ಯಾಸ, ಒಂದೊಂದೇ ಅಂಕಿ ಬಿಡಿಸಿ.
‘ಯಾರ್ ಗಾಡಿ ಅಮ್ಮ, ಟೋ ಮಾಡ್ತಾರಾ?’
ಎಳನೀರಿನವನು ಗಾಬರಿಯಾದ.

ಕಾರ್ಡು ಅಂಚೆಯಲ್ಲಿ ಬಂತು.
ಫೋಟೋದಲ್ಲಿ ಯಾರದೋ ಅತ್ತೆಯ ಹಾಗೆ ಕಾಣುತ್ತೇನೆ.
ಕಾರ್ಡು ಸವೆಯದಿರಲೆಂದು ಒಂದು ಪ್ಲಾಸ್ಟಿಕ್ ಕವರು,
ಅದರೊಳಗೆ, ಬೆನ್ನಿಗೆ, ಒಂದು ಚೀಟಿ ಮಡಿಸಿಟ್ಟಿದ್ದೇನೆ:
ಮಾರ್ಕೆಟ್ಟು ಬಿಟ್ಟು ಎಡ, ಬ್ಯಾಂಕಿನ ಮುಂದೆ ನೇರ,
ಇಸ್ತ್ರಿ ಅಂಗಡಿ ದಾಟಿ ಬಲ, ಹಸಿರು ಗೇಟು.
ಪೊಲೀಸಿನವನು ಕೈ ಅಡ್ಡ ಹಿಡಿದರೆ
ಮುಂಭಾಗ ತೋರಿಸುತ್ತೇನೆ.