ವ್ಯತ್ಯಾಸಕ್ಕೆ ಕಾರಣ

ಮೊದಲ ದಿನ ಕೊಟ್ಟದ್ದು
ಕೊರಳಿಗೊಂದು ಪಟ್ಟಿ, ತುದಿಗೆ ನಾನಲ್ಲವೇನೋ ಎನ್ನುವಂಥ ಫೋಟೋ,
ಎರಡು ಪರದೆ,
ಮತ್ತೊಂದು ನಿಯಮ:
ಕೈಯಾರೆ ಬರೆದ ಅಂಕಿ ನೀಲಿ,
ಸೂತ್ರ ಹೆತ್ತ ಅಂಕಿ ಕಪ್ಪು.
"ಬಣ್ಣ ತಪ್ಪಿದರೆ," ಎಂದಳು ನನ್ನ ಮೇಲಿನವಳು, ಜಿಲಿಯನ್ ಓಲ್ಡ್‌ರಾಯ್ಡ್,
"ಯಾರನ್ನು ಬಯ್ಯಬೇಕೋ ತಿಳಿಯುವುದಿಲ್ಲ."

ಲೀಡ್ಸ್, ಕಾಲುವೆಯ ಪಕ್ಕ, ನಾಲ್ಕನೇ ಮಹಡಿ.
ಕಂಪನಿ ಒಗೆಯುವುದು ಆಸ್ಪತ್ರೆಗಳ ಬಟ್ಟೆ.
ಅಂದರೆ ನಾನು
ಎಕ್ಸೆಲ್ ಶೀಟಿನಲ್ಲಿ ಕೂತು
ಮಂಚದ ಶೀಟು ಎಣಿಸುವವಳು.
ಫೋನಿನಲ್ಲಿ ಅಕ್ಕನಿಗೆ ಹೇಳಿದೆ, ನಗಲಿ ಅಂತ.
"ಅಷ್ಟು ಓದಿದ್ದು
ಇಸ್ತ್ರಿ ಅಂಗಡಿಯ ಚೀಟಿ ಬರೆಯೋಕೇನೇ?"
ನಕ್ಕಳು. ನಾನೂ ನಕ್ಕೆ.
ಸುಳ್ಳೇನಲ್ಲವಲ್ಲ.

ಜನವರಿಯ ಲೆಕ್ಕ ಮುಚ್ಚಬೇಕು.
ಹೋದದ್ದು, ಬಂದದ್ದು, ಹರಿದದ್ದು, ಬಾರದ್ದು.
ಶಾಲೆಯಲ್ಲಿ ಕೂಡುವಾಗ ಬೆರಳು ಮಡಚಿ
"ಬರೆದದ್ದು ಎರಡು, ಕೈಯಲ್ಲಿ ಒಂದು" ಅನ್ನುತ್ತಿದ್ದೆವು;
ಆ ಒಂದು ಈಗ ಯಾರ ಕೈಯಲ್ಲಿದೆ?
ಮೂರು ರಾತ್ರಿ ಹುಡುಕಿದೆ.
ಮೊದಲ ರಾತ್ರಿಯ ತಪ್ಪು ನನ್ನದೇ,
ಕೂಡುವ ಸಾಲು ಒಂದು ಗೇಣು ಮೊದಲೇ ನಿಂತಿತ್ತು.
ಎರಡನೆಯದು ಬ್ರಾಡ್‌ಫರ್ಡಿನ ಟ್ರಕ್ಕಿನದು.
ಮೂರನೆಯ ರಾತ್ರಿ ಎಲ್ಲ ತಾಳೆ.
ಆದರೂ
ಮುನ್ನೂರ ಹನ್ನೆರಡು ಶೀಟು ಮರಳಿಲ್ಲ.
ಬಜೆಟ್ಟು ಒಪ್ಪಿದ್ದು ನೂರ ತೊಂಬತ್ತು.
ವ್ಯತ್ಯಾಸ ನೂರ ಇಪ್ಪತ್ತೆರಡು, ಕೆಂಪು.
ಪಕ್ಕದ ಮನೆ ಖಾಲಿ. ಮೇಲೆ ತಲೆಬರಹ:
ವ್ಯತ್ಯಾಸಕ್ಕೆ ಕಾರಣ.

ಐದು ವರ್ಷದ ಗೆರೆ ಎಳೆದು ನೋಡಿದೆ.
ಪ್ರತಿ ಬೇಸಿಗೆ ಇಳಿಯುತ್ತದೆ,
ಪ್ರತಿ ಚಳಿಗೆ ಅದೇ ಗುಡ್ಡ ಹತ್ತುತ್ತದೆ.
ಕಳ್ಳತನ, ಅಂದುಕೊಂಡೆ. ಚಳಿಗೆ ಹೊದೆಯಲು ಒಯ್ಯುತ್ತಾರೆ, ಪಾಪ.
ಸ್ಲೈಡಿನಲ್ಲಿ ಒಂದು ಬಾಣವನ್ನೂ ಬರೆದಿಟ್ಟೆ,
ಚೆಂದದ ಬಾಣ.

ಹನ್ಸ್‌ಲೆಟ್ ಡಿಪೋದಲ್ಲಿ ಫೋನೆತ್ತಿದ್ದು ಬೆರಿಲ್,
ಇಪ್ಪತ್ತಾರು ವರ್ಷ ಶೀಟು ಮಡಿಸಿದವಳು.
ಕಳ್ಳತನವೇ? ನಕ್ಕಳು, ಕೆಮ್ಮಿದಳು.
"ಸತ್ತವರನ್ನು ಬರಿಮೈಯಲ್ಲಿ ಕಳಿಸುತ್ತಾರೇನು, ಮಗಳೇ?
ಸುತ್ತಿ ಕಳಿಸುತ್ತಾರೆ.
ಸುತ್ತಿದ್ದು ವಾಪಸು ಬರುತ್ತದಾ?
ಎಲ್ಲವೂ ಹಾಗಲ್ಲ ಅನ್ನು, ಕೆಲವನ್ನು ಹರಿದು ನೆಲ ಒರೆಸುತ್ತಾರೆ.
ನಿನ್ನ ಮುಂಚಿನ ಹುಡುಗನಿಗೂ ಹೇಳಿದ್ದೆ."

ಮುಂಚಿನ ಹುಡುಗನ ಫೈಲು ತೆರೆದೆ.
ಜನವರಿ, ಮತ್ತೊಂದು ಜನವರಿ, ಅದರ ಹಿಂದಿನದು.
ಕಾರಣದ ಮನೆಯಲ್ಲಿ ಒಂದೇ ಪದ:
ಋತುಮಾನ.

ಗುರುವಾರ ಹತ್ತಕ್ಕೆ ಜಿಲಿಯನ್‌ಗೆ ಹೇಳಿದೆ, ಪೂರ್ತಿ.
ಅವಳ ಪೆನ್ನು ಒಂದು ಗಳಿಗೆ ನಿಂತಿತು.
"ಬೋರ್ಡಿಗೆ ಇಷ್ಟೆಲ್ಲ ಬೇಡ, ಒಂದು ಪದ ಸಾಕು."
ಆಮೇಲೆ, ಕಿಟಕಿಯ ಕಡೆ ತಿರುಗಿ,
"ಬರುವ ಜನವರಿಗೆ ಅಂದಾಜು ಹಾಕು.
ಶೇಕಡಾ ನಾಲ್ಕು ಏರಿಸು."

ಏರಿಸಿದೆ. ಸೂತ್ರ ಹೇಳಿತು:
ಮುನ್ನೂರ ಇಪ್ಪತ್ನಾಲ್ಕು ಬಿಂದು ನಾಲ್ಕು ಎಂಟು.

ಬಿಂದುವಿನ ಆಚೆ
ಇನ್ನೂ ಹೋಗದ ಯಾರೋ ಒಬ್ಬರು,
ಈ ಊರಲ್ಲೇ, ಬಹುಶಃ ಬಸ್ಸಿನಲ್ಲಿ,
ಮೊಣಕೈಯಿಂದ ಗಾಜಿನ ಮಂಜು ಒರೆಸುತ್ತ.
ಸೂತ್ರ ಅಳಿಸಿದೆ.
ಮುನ್ನೂರ ಇಪ್ಪತ್ನಾಲ್ಕು, ಎಂದು ಕೈಯಾರೆ ಕುಟ್ಟಿದೆ.
ಕೆಲಸಕ್ಕೆ ಸೇರಿ ಎರಡನೇ ತಿಂಗಳಲ್ಲಿ
ಅಷ್ಟು ಕೆಳಗಿಳಿಸುವ ಅಧಿಕಾರ ಇದ್ದೇ ಇರುತ್ತದೆ.
ನೀಲಿ ಬಳಿದೆ.
ಬಯ್ಯುವುದಾದರೆ, ನನ್ನನ್ನು.

ಕಾರಣದ ಮನೆಯಲ್ಲಿ ಋತುಮಾನ ಎಂದೇ ಬರೆದೆ,
ಅಚ್ಚಿನಲ್ಲಿ ಬರದ ಟಿಪ್ಪಣಿಯಲ್ಲಿ
ನನ್ನ ನಂತರ ಈ ಕುರ್ಚಿಗೆ ಬರುವವರಿಗೆ:
ಡಿಪೋದ ಬೆರಿಲ್‌ಳನ್ನು ಕೇಳಿ.
ಎರಡು ಗಂಟೆಯ ಮೇಲೆ ಮಾಡಿ.
ಅದಕ್ಕೆ ಮೊದಲು ಯಂತ್ರದ ಸದ್ದು,
ಏನೂ ಕೇಳಿಸುವುದಿಲ್ಲ.