ಐನೂರ ಎಂಬತ್ತೇಳನೆಯ ಬಾಗಿಲು

"ಬರೋದೆಲ್ಲ ಬರುತ್ತೆ, ಹೋಗೋದು ಒಂದೂ ಹೋಗಲ್ಲ,"
ಫೋನಿನಲ್ಲಿ ಮೊರೀನ್ ಟಪ್ಲಿನ್. ಹನ್ನೊಂದು ದಿನವಾಯಿತಂತೆ.
ಇದು ಇಮೇಲಿನ ರೋಗವೋ ಮಲಬದ್ಧತೆಯೋ ಎಂದು
ಬಂದ ನಗು ನುಂಗಿ, ಸ್ಕ್ರೂಡ್ರೈವರ್ ಚೀಲ ಹೆಗಲಿಗೇರಿಸಿ
ಗ್ರಿಮ್ಸ್‌ಬಿಯ ಬಂದರಿನ ಕಡೆಯ ಬಸ್ಸು ಹಿಡಿದೆ.

ನವೆಂಬರ್. ಗಾಳಿಗೆ ಹೊಗೆ ಹಾಕಿದ ಮೀನಿನ ವಾಸನೆ.
ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಕಂಪ್ಯೂಟರು,
ಒಂದು ಕಾಲಕ್ಕೆ ಬಿಳಿ, ಈಗ ಹಳೆ ಹಲ್ಲಿನ ಬಣ್ಣ.
ನೆತ್ತಿಯ ಮೇಲೊಂದು ಉಣ್ಣೆಯ ಟೋಪಿ.
"ಚಳಿ ಆಗದಿರಲಿ ಅಂತ," ಅಂದಳು ಆಕೆ;
ತಮಾಷೆಯೋ ನಿಜವೋ ತಿಳಿಯಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ:
ಆರಿಸಿದೆ. ಹೊತ್ತಿಸಿದೆ. ತಂತಿ ಕಿತ್ತು, ಊದಿ, ಸಿಕ್ಕಿಸಿದೆ.
ಪಾಸ್‌ವರ್ಡ್ ಕೇಳಿದರೆ ಹಿಟ್ಟಿನ ಡಬ್ಬಿಯ ತಳದಿಂದ ಚೀಟಿ ಬಂತು.
ಸರಿಯಾಗೇ ಇತ್ತು. ನನಗೆ ನಾನೇ ಒಂದು ಪತ್ರ ಬರೆದೆ,
"ತಲುಪಿತೇ?" ಎಂದು. ಅದು ನನ್ನ ರೂಢಿ.
ಕನ್ನಡದ ಕೀಲಿಯಿಲ್ಲ; ಇಂಗ್ಲಿಷ್ ಅಕ್ಷರದಲ್ಲೇ ಕುಟ್ಟಿದೆ.
ನೀಲಿ ಪಟ್ಟಿ ಅರ್ಧ ತೆವಳಿ ನಿಂತಿತು.
ಸರ್ವರ್ ಉತ್ತರಿಸುತ್ತಿಲ್ಲ. ಎರಡನೆಯದು. ಮೂರನೆಯದು.
ಮೂರೂ ಹೋಗಿ ಔಟ್‌ಬಾಕ್ಸಿನಲ್ಲಿ ಕೂತವು,
ಮುಚ್ಚಿದ ಕೌಂಟರಿನ ಮುಂದೆ ಸರದಿ ನಿಂತವರ ಹಾಗೆ.

ಸರದಿಯಲ್ಲಿ ಯಾರಿದ್ದಾರೆ? ನೋಡಬಾರದು. ನೋಡಿದೆ.
ಗ್ಯಾಸ್ ಕಂಪನಿಗೆ ಒಂದೇ ದೂರು ಮೂರು ಸಲ,
ಪ್ರತಿ ಸಲ ಒಂದು ಆಶ್ಚರ್ಯಚಿಹ್ನೆ ಹೆಚ್ಚು;
ತೋಟದ ಸಂಘಕ್ಕೆ, ನಲ್ಲಿಗೆ ಹಾಕಿದ ಬೀಗದ ಬಗ್ಗೆ;
ಹೆಣಿಗೆಯ ಗುಂಪಿಗೆ, ಕಾಲುಚೀಲದ ಹಿಮ್ಮಡಿಯ ಲೆಕ್ಕ;
ಎಲ್ಲರಿಗಿಂತ ಮುಂದೆ, ಪರ್ತ್‌ನ ಬೆರಿಲ್‌ಗೆ:
"ಅಮ್ಮನ ಗಡಿಯಾರ ನುಂಗಿ ನೀರು ಕುಡಿದೆ.
ಇನ್ನು ನೀನು ನನಗೆ ತಂಗಿಯಲ್ಲ."
ಕೆಳಗೆ ಹೆಸರು ಕೂಡ ಬರೆದಿರಲಿಲ್ಲ.

ಅಡುಗೆಮನೆಯಿಂದ ಟಿಕ್, ಟಿಕ್.
ಮೇಜಿನ ಮೇಲೆ ಬಿಚ್ಚಿದ ರಟ್ಟಿನ ಡಬ್ಬ, ಗುಳ್ಳೆ ಪ್ಲಾಸ್ಟಿಕ್ಕು,
ಆಸ್ಟ್ರೇಲಿಯದ ಸ್ಟಾಂಪು, ಹಡಗಿನ ಅಂಚೆ, ಆಗಸ್ಟಿನ ತಾರೀಕು.
ನಾನು ಕೇಳಲಿಲ್ಲ.
"ಶನಿವಾರ ಬಂತು," ಎಂದಳು, ಕೆಟಲಿನ ಕಡೆ ತಿರುಗಿಕೊಂಡು.

ರೋಗ ಸಿಕ್ಕಿತು. ದೊಡ್ಡದೇನಲ್ಲ.
ಕಂಪನಿಯವರು ಹಳೆಯ ಬಾಗಿಲಿಗೆ ಅಗುಳಿ ಜಡಿದಿದ್ದಾರೆ,
ಇಪ್ಪತ್ತೈದನೆಯದಕ್ಕೆ; ಕಳ್ಳಪತ್ರಗಳ ಕಾಟವಂತೆ.
ಇನ್ನು ಐನೂರ ಎಂಬತ್ತೇಳರಲ್ಲಿ ಹೋಗಬೇಕು, ಗುರುತು ತೋರಿಸಿ.
ಈ ವಿಷಯ ತಿಳಿಸಿದ ಪತ್ರ ಇನ್‌ಬಾಕ್ಸಿನಲ್ಲೇ ಇತ್ತು,
ಬಿಂಗೋ ಜಾಹೀರಾತುಗಳ ಅಡಿಯಲ್ಲಿ, ತೆರೆಯದೆ.
ಮೂರು ಅಂಕಿ ಕುಟ್ಟಿದೆ. ಒಂದು ಗುಂಡಿ ಒತ್ತಿದರೆ ಸಾಕು,
ಸರದಿಯೆಲ್ಲ ದಬದಬನೆ ಹೊರಗೆ,
ಮೊದಲು ನಿಂತವರು ಮೊದಲು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ಸರಿ. ಆಡಿಯೂ ಹೋಗದೆ ಉಳಿದ ಮಾತಿಗೆ
ನನಗೆ ಗೊತ್ತಿದ್ದ ಮಟ್ಟಿಗೆ ಗಾದೆಯಿಲ್ಲ.
ತಂತಿಯನ್ನು ಮೆಲ್ಲಗೆ ಮತ್ತೆ ಕಿತ್ತೆ.
"ಒಮ್ಮೆ ಪಟ್ಟಿ ನೋಡಿಬಿಡಿ," ಎಂದೆ, "ಹಳೆಯವು ಯಾವುದಾದರೂ..."
ಚಹಾದ ಮಗ್ಗು ಹಿಡಿದು ಹಿತ್ತಿಲಿಗೆ ಹೋದೆ.
ಅಲ್ಲಿ ತುಕ್ಕು ಹಿಡಿದ ಸಲಿಕೆ, ನೆಲಕ್ಕೆ ಬಾಗಿದ ಈರುಳ್ಳಿ ಹೂ,
ಬೇಲಿಯ ಮೇಲೆ ಕುಳಿತ ಒಂದು ಕಡಲಹಕ್ಕಿ
ನನ್ನ ಬಿಸ್ಕತ್ತನ್ನೇ ನೋಡುತ್ತಿತ್ತು, ಸಾಲ ಕೊಟ್ಟವರ ಹಾಗೆ.

ಒಳಗೆ ಕೀಲಿಗಳ ಸದ್ದು. ಎರಡೇ ಬೆರಳು.
ನಿಂತು,
ನಿಂತು.
"ಹೂಂ, ಒತ್ತು," ಅಂದಳು.
ಬೆರಿಲ್‌ಗೆ ಹೋದದ್ದು ಒಂದೇ ಪತ್ರ. ಓದಲಿಲ್ಲ;
ಒಂದು ಸಾಲು ಕಣ್ಣಿಗೆ ಬಿತ್ತು, ಬಿದ್ದದ್ದು ನನ್ನ ತಪ್ಪಲ್ಲ:
"ನಾಲ್ಕು ನಿಮಿಷ ಹಿಂದಿದೆ, ಆದರೂ ನಡೆಯುತ್ತಿದೆ."

ಇಪ್ಪತ್ತು ಪೌಂಡು. ಬೇಡವೆಂದರೂ ಒಂದು ಜೊತೆ ಕಾಲುಚೀಲ.
ಬಸ್ಸಿನಲ್ಲಿ ಜೇಬು ಮೂರು ಸಲ ನಡುಗಿತು:
ತಲುಪಿತೇ? ತಲುಪಿತೇ? ತಲುಪಿತೇ?
ಗ್ಯಾಸ್ ಕಂಪನಿಗೂ ಮೂರು ಸಲ ತಲುಪಿರಬೇಕು, ಪಾಪ.
ಪರ್ತ್‌ನಲ್ಲಿ ಆಗ ರಾತ್ರಿ ಹನ್ನೊಂದೂವರೆ.
ಬೆರಿಲ್ ಮಲಗಿರುತ್ತಾಳೆ.
ಮನೆಗೆ ಬಂದು ಕಾಲುಚೀಲ ಹಾಕಿ ನೋಡಿದೆ;
ಎಡಗಾಲಿನ ಹಿಮ್ಮಡಿಯ ಲೆಕ್ಕ ತಪ್ಪಿತ್ತು.