ಬಸ್ ಅಂದರೆ

ಬೈತಖೋಲದ ಐಸ್ ಫ್ಯಾಕ್ಟರಿಯ ಹಿಂದೆ
ಖಾಲಿ ಮೀನುಬುಟ್ಟಿಯಲ್ಲಿ ಸಿಕ್ಕಿತು ಅಂತ
ಮಗಳು ಪ್ರಣಾಲಿ ತಂದಳು ಇದನ್ನು,
ಸ್ಕೂಲ್ ಬ್ಯಾಗಿನೊಳಗೆ, ಸಮಾಜ ವಿಜ್ಞಾನದ ಮೇಲೆ ಕೂರಿಸಿ.
ಮೈಯೆಲ್ಲ ಮೀನಿನ ಕಮಟು. ತಾರ್ಲಿ ಎಂದೆವು.
ಎರಡನೇ ದಿನಕ್ಕೆ ಅದು
ನನ್ನ ಖಾಕಿ ಅಂಗಿಯ ಮೂರು ಗುಂಡಿ ತಿಂದಿತು,
ಮೂರನೇ ದಿನ ಟಿಕೆಟ್ ಮಶೀನಿನ ಪಟ್ಟಿ.
ಡಿಪೋದಲ್ಲಿ ಏನಂತ ಬರೆದುಕೊಡಲಿ?
ಕಾರಣ: ನಾಯಿಮರಿ.

ಕಲಿಸಬೇಕು ಇದಕ್ಕೆ, ಎಂದರು ಎಲ್ಲರೂ.
ಹೇಗೆ ಎಂಬಲ್ಲಿ ಮಾತ್ರ
ಕೋಡಿಬಾಗದ ಓಣಿಯಲ್ಲಿ ಮನೆಗೊಂದು ಮತ.

ಕಾಯ್ತಾನ ಅಣ್ಣ, ನೇವಿ ಗೇಟಿನಲ್ಲಿ ಇಪ್ಪತ್ತು ವರ್ಷ ನಿಂತವ,
ಕಬ್ಬಿಣದ ಸರಪಳಿ ತಂದು ಕಟ್ಟೆಯ ಮೇಲಿಟ್ಟ.
"ಒಂದು ಜಗ್ಗು, ಒಂದು ಸಿಟ್. ಇಂಗ್ಲಿಷ್ ಬಿಟ್ಟು
ಬೇರೆ ಭಾಷೆಗೆ ನಾಯಿ ಹೆದರೂದಿಲ್ಲ ತಂಗಿ."
ಸೋಮಾ ತಾಂಡೇಲ ಬಲೆ ಹೊಲಿಯುತ್ತ
ಕಣ್ಣೆತ್ತದೆ ಹೇಳಿದ:
"ನಾವೆಂತಕ್ಕೆ ಕಲಿಸೂದು? ದಂಡೆಗೆ ಬಿಡು.
ದೊಡ್ಡ ನಾಯಿ ನಾಲ್ಕು ಸಲ ಕಚ್ಚಿದರೆ ಎಲ್ಲ ಬರ್ತದೆ."
ಪ್ರಣಾಲಿಯ ಫೋನಿನಲ್ಲಿ ಒಬ್ಬಳು ಹುಡುಗಿ,
ಹಿಂದೆ ಬಿಳೀ ಸೋಫಾ,
ಕೂತರೆ ಬಿಸ್ಕೀಟು, ನಿಂತರೆ ಬಿಸ್ಕೀಟು,
ಬೈದರೆ ಮನಸ್ಸು ಮುರೀತದೆ ಅಂತಾಳೆ.
ನಮ್ಮ ತಾರ್ಲಿ ಬಿಸ್ಕೀಟು ಮೂಸಿ
ಮಣ್ಣಲ್ಲಿ ಹೂತಿಟ್ಟು ಬಂತು.

ನನ್ನ ಕುತ್ತಿಗೆಯಲ್ಲೇ ಇತ್ತಲ್ಲ,
ಐವತ್ತೆರಡು ಸೀಟಿಗೆ ತೊಂಬತ್ತು ಮಂದಿಯನ್ನು
ಅಂಕೋಲೆವರೆಗೆ ಹೊಂದಿಸುವ ಸೀಟಿ.
ಒಂದಕ್ಕೆ ನಿಲ್ಲು, ಎರಡಕ್ಕೆ ಹೊರಡು.
ಅಂಗಳದಲ್ಲಿ ಊದಿದೆ.
ತಾರ್ಲಿ ಕೊರಳೆತ್ತಿ ನನ್ನ ಜೊತೆಗೇ ಊಳಿಟ್ಟಿತು,
ಪಕ್ಕದ ಮನೆಯ ಕೋಳಿಗಳು ಮಾತ್ರ
ಶಿಸ್ತಾಗಿ ಗೂಡು ಸೇರಿದವು.

ಗುರುವಾರ ಅದು ನನ್ನ ಚಪ್ಪಲಿ ಬಾವಿಗೆ ಹಾಕಿತು.
ಒಣಮೀನಿಗೆ ಬರುವ ಕಾಗೆ ಓಡಿಸುವ ಕೋಲು
ತಾನಾಗಿ ಕೈಗೆ ಬಂತು.
ಕೂತ್ಕೋ! ಎಂದೆ. ಕೂತ್ಕೋ! ಕೂತ್ಕೋ ಅಂದೆನಲ್ಲ!
ಅದು ನಿಂತೇ ಇತ್ತು,
ಒಂದು ಕಿವಿ ಮೇಲೆ, ಒಂದು ಕಿವಿ ಮಡಚಿ,
ನನ್ನ ಬಾಯನ್ನೇ ನೋಡುತ್ತ.

ಆ ನೋಟ ನನಗೆ ಗೊತ್ತು.

ಒಂದನೇ ಇಯತ್ತೆ. ಕೊಂಕಣಿ ಬಿಟ್ಟು ಬೇರೆ ಕೇಳದವಳು.
"ರಾವ್ ಸರ್ ಬಂದರು" ಎಂದಿತು ಹಿಂದಿನ ಬೆಂಚು.
ನಮ್ಮ ಮನೆಯಲ್ಲಿ ರಾವ್ ಅಂದರೆ ನಿಲ್ಲು.
ನಿಂತೆ.
ಕೂತ್ಕೋ ಎಂದರು. ಅದೇನು ಪದವೋ.
ಇನ್ನೂ ನೆಟ್ಟಗೆ ನಿಂತೆ.
ಮರದ ಪಟ್ಟಿ ಗೆಣ್ಣಿನ ಮೇಲೆ ಎರಡು ಸಲ,
ಆಮೇಲೆ ಮಧ್ಯಾಹ್ನದ ಗಂಟೆವರೆಗೂ
ಸರ್ ಬಾಯನ್ನೇ ನೋಡುತ್ತ,
ಯಾವ ಆಕಾರದಲ್ಲಿ ತುಟಿ ತೆರೆದರೆ
ಹೊಡೆತ ಇಲ್ಲ ಎಂದು ಲೆಕ್ಕ ಹಾಕುತ್ತ.
ಕನ್ನಡ ಬಂತು, ಬರದೆ ಇರುತ್ತದೆಯೇ.
ಈಗ ಇದನ್ನೂ ಅದರಲ್ಲೇ ಬರೆಯುತ್ತಿದ್ದೇನೆ.
ಕೂತ್ಕೋ ಎಂಬ ಪದ ಕೇಳಿದರೆ ಮಾತ್ರ
ಇವತ್ತಿಗೂ ಕೈ ಬೆನ್ನ ಹಿಂದೆ ಹೋಗ್ತದೆ.

ಕೋಲನ್ನು ಕಾಗೆಗಳಿಗೇ ಬಿಟ್ಟೆ.
ಡಬ್ಬಿಯಿಂದ ಒಣಬಂಗಡೆ ತಂದು, ಉಗುರಿನಷ್ಟು ಮುರಿದು
ನೆಲಕ್ಕೆ ಕೂತೆ, ಮೊದಲು ನಾನು.
ಬಸ್, ಎಂದೆ.
ನನ್ನ ಆಯಿ ಮಣೆ ಸರಿಸಿ
ಊಟಕ್ಕೆ ಕೂರಿಸುವಾಗಿನ ದನಿಯಲ್ಲಿ.
ಕಾದೆ.
ಕಾಳಿ ಸೇತುವೆಯ ಮೇಲೆ ಎಷ್ಟೋ ಲಾರಿ ದಾಟಿದವು.
ಅದು ಚಿಟ್ಟೆ ಹಿಡಿಯಲು ಹೋಗಿ ಬಂತು,
ತನ್ನ ಬಾಲವನ್ನೇ ಹಿಡಿಯಲು ಹೋಗಿ ಸೋತು ಬಂತು,
ನನ್ನ ಜಡೆ ಎಳೆದು ನೋಡಿತು.
ಸಿಟ್ಟು ಬರಲೇ ಇಲ್ಲ ಅಂದರೆ ಸುಳ್ಳು.
ಹತ್ತನೆಯದೋ ಹನ್ನೊಂದನೆಯದೋ ಸಲಕ್ಕೆ
ಸುಸ್ತಾಗಿಯೋ, ತಿಳಿದೋ,
ಅದರ ಪುಟ್ಟ ಅಂಡು ನೆಲಕ್ಕೆ ತಾಗಿತು.

ಈಗ ತೊಂದರೆ ಬೇರೆ.
ಬೆಳಿಗ್ಗೆ ಐದೂವರೆಗೆ
"ಆಯಿ, ಬಸ್ ಬಂತು!" ಎಂದು ಪ್ರಣಾಲಿ ಕೂಗಿದ್ದೇ
ತಾರ್ಲಿ ಓಡಿಬಂದು ಬಾಗಿಲಿಗೆ ಅಡ್ಡ
ಕೂತೇ ಬಿಡುತ್ತದೆ,
ಬಾಲದಿಂದ ಹೊಸ್ತಿಲು ಗುಡಿಸುತ್ತ.
ಹೇಳಿದ್ದು ಮಾಡಿದವರಿಗೆ ಕೊಡದೆ ಹೋಗೂದು ಹೇಗೆ?
ರಸ್ತೆಯಲ್ಲಿ ಡ್ರೈವರ್ ವಿಠೋಬ ಹಾರ್ನ್ ಒತ್ತುತ್ತಾನೆ,
ನಾನು ಚಿಲ್ಲರೆ ಚೀಲದಲ್ಲಿ ಕೈಹಾಕಿ
ನಾಣ್ಯಗಳ ನಡುವೆ ಬಂಗಡೆ ಚೂರು ತಡಕುತ್ತೇನೆ.

ಅವರ್ಸಾದಲ್ಲಿ ಹತ್ತಿದ ಮಾಸ್ತರರೊಬ್ಬರು ನಿನ್ನೆ
ಐದು ರೂಪಾಯಿ ನಾಣ್ಯ ಮೂಸಿ
ನನ್ನನ್ನೇ ನೋಡಿದರು.
"ಕೂತ್ಕೊಳ್ಳಿ ಸರ್" ಎಂದೆ.